ಮೀಟರ್ ಅಜ್ಜನ ಹೆಸರಲ್ಲಿ, ಸೋಲಾರ್ ಅರ್ಜಿ ಯಾರ ಹೆಸರಲ್ಲಿ?

ಕಳೆದ ವರ್ಷ ಮೇ ಮೊದಲ ವಾರ ಬ್ರಹ್ಮಾವರ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪಯ್ಯ ಚಾ ಕೊಡುವ ಮೊದಲೇ ಕರೆಂಟ್ ಬಿಲ್ ಕೈಗೆ ಕೊಟ್ಟರು. 290 ಯೂನಿಟ್. "ಪುಕ್ಕಟೆ ಕರೆಂಟ್ ಅಂದ್ರ್, ಇದೆಂತ ಮಗಾ?" ಅಂತ ಪ್ರಶ್ನೆ.

ಇದೆಂತ ಅಂದರೆ ಇದು. ತಮ್ಮ ವರ್ಕ್ ಫ್ರಂ ಹೋಮ್ ಅಂತ ಊರಲ್ಲೇ ಉಳಿದ. ಅವನ ಕೋಣೆಗೆ ಏಸಿ ಬಂತು, ಅಂಗಳಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ಬಂತು. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಅಂತ ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಆದರೆ ಎಲ್ಲರಿಗೂ 200 ಇಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ಕೊಟ್ಟಿದ್ದೇ ನಿಮ್ಮ ಪಾಲು. ನಮ್ಮ ಮನೆಯದ್ದು 155ರ ಆಸುಪಾಸು. ಅದನ್ನು ದಾಟಿದರೆ ಹೆಚ್ಚಿನದಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳಿನ ಪೂರ್ತಿ ಬಿಲ್ ನಮ್ಮ ತಲೆಗೆ. ಸೆಕೆಗಾಲದ ಮೂರು ತಿಂಗಳು ಅಪ್ಪಯ್ಯ ಪೂರ್ತಿ ಕಟ್ಟಿದ್ದರು, ಯಾರಿಗೂ ಹೇಳದೆ.

ನಾನು ಬೆಂಗಳೂರಿನ ಜಾಣೆ. ಅಂದೇ ರಾತ್ರಿ ಫೋನ್ ತೆಗೆದು ಪಿಎಂ ಸೂರ್ಯಘರ್ ಪೋರ್ಟಲ್ ತೆರೆದೆ. ಮನೆ ಮಾಡಿನ ಮೇಲೆ ಸೋಲಾರ್ ಹಾಕಿಸಿದರೆ ಕೇಂದ್ರ ಸರ್ಕಾರ ಕೊಡುವ ಸಬ್ಸಿಡಿ ಇದು. 2024ರ ಫೆಬ್ರವರಿಯಲ್ಲಿ ಶುರುವಾದ ಯೋಜನೆ, 75,021 ಕೋಟಿ ರೂಪಾಯಿ, ಗುರಿ ಒಂದು ಕೋಟಿ ಮನೆ, 2026-27ರ ಆರ್ಥಿಕ ವರ್ಷದ ತನಕ. ರಾಜ್ಯ ಆರಿಸಿದೆ, ಮೆಸ್ಕಾಂ ಆರಿಸಿದೆ, ಬಿಲ್‌ನಲ್ಲಿದ್ದ ನಂಬರ್ ಹಾಕಿದೆ. ಸ್ಕ್ರೀನ್ ಮೇಲೆ ಅಜ್ಜನ ಹೆಸರು ಬಂತು.

ಅಜ್ಜ ತೀರಿಕೊಂಡು 16 ವರ್ಷ.

ಹದಿನಾರು ವರ್ಷ ಅಜ್ಜನ ಹೆಸರಲ್ಲೇ ಬಿಲ್ ಬಂತು, ಅಪ್ಪಯ್ಯ ಕಟ್ಟಿದರು, ಯಾರೂ ತಕರಾರು ಮಾಡಲಿಲ್ಲ. ಗೃಹಜ್ಯೋತಿಗಾದರೂ ಹೆಸರು ಬದಲಿಸಬೇಕಾಗಿ ಬರಲಿಲ್ಲ. ಅಲ್ಲಿ ಬಾಡಿಗೆಗೆ ಇರುವವರೂ ತಮ್ಮ ಆಧಾರ್ ಕೊಟ್ಟು ನೋಂದಾಯಿಸಬಹುದಿತ್ತು. ಸೂರ್ಯಘರ್ ಹಾಗಲ್ಲ. ಬಿಲ್‌ನಲ್ಲಿ ಯಾರ ಹೆಸರಿದೆಯೋ ಅವರೇ ಅರ್ಜಿದಾರರು, ಅವರ ಬ್ಯಾಂಕ್ ಖಾತೆಗೇ ಸಬ್ಸಿಡಿ. ಹೆಸರು ತಾಳೆ ಆಗದಿದ್ದರೆ ದುಡ್ಡು ಬರುವುದಿಲ್ಲ. ಅಜ್ಜನ ಖಾತೆ ಎಂದೋ ಮುಚ್ಚಿದೆ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ಅರ್ಧ ಮನೆಯವರು ಬೆಂಗಳೂರು, ಮುಂಬೈ, ದುಬೈಯಲ್ಲಿ. ಊರಲ್ಲಿ ಉಳಿದವರು ಅಪ್ಪ ಅಮ್ಮ. ದಾಖಲೆ ಮಾತ್ರ ಅವರಿಗಿಂತ ಒಂದು ತಲೆಮಾರು ಹಿಂದೆ. ಅಳಿಯಕಟ್ಟಿನ ಮನೆಗಳಲ್ಲಿ ಇನ್ನೂ ತಮಾಷೆ, ಮೀಟರ್ ಅಪ್ಪನ ಹೆಸರಲ್ಲೂ ಅಲ್ಲ, ಅಜ್ಜನ ಹೆಸರಲ್ಲೂ ಅಲ್ಲ, ಅಮ್ಮನ ಮಾವನ ಹೆಸರಲ್ಲಿ. ಸೋಲಾರ್ ಕಂಪನಿಯವರ ಜಾಹೀರಾತಿನಲ್ಲಿ "ಐದೇ ನಿಮಿಷದಲ್ಲಿ ಅರ್ಜಿ" ಅಂತ ಬರೆದಿರುತ್ತಾರಲ್ಲ, ಆ ಐದು ನಿಮಿಷಕ್ಕೆ ಮೊದಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ಅತ್ತೆಯ ಸಹಿ

ಮೀಟರ್ ಹೆಸರು ಬದಲಾವಣೆಗೆ ನಮ್ಮಲ್ಲಿ ಕೇಳಿದ್ದು ಇಷ್ಟು: ಅಜ್ಜನ ಮರಣ ಪತ್ರ, ವಂಶವೃಕ್ಷ, ಪಂಚಾಯತ್‌ನ ನಮೂನೆ 9 ಮತ್ತು 11, ಮನೆ ತೆರಿಗೆ ರಸೀದಿ, ಅಪ್ಪಯ್ಯನ ಆಧಾರ್, ಮತ್ತೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಮೊದಲಿನವೆಲ್ಲ ಓಡಾಡಿದರೆ ಸಿಗುವಂಥದ್ದು. ಕೊನೆಯದಕ್ಕೆ ಓಡಾಡಿದರೆ ಸಾಕಾಗುವುದಿಲ್ಲ.

ಅಪ್ಪಯ್ಯನಿಗೆ ಒಬ್ಬ ತಮ್ಮ, ಇಬ್ಬರು ಅಕ್ಕಂದಿರು. ಚಿಕ್ಕಪ್ಪ ಕುಂದಾಪುರದಲ್ಲೇ ಇರುವುದು, ಮರುದಿನವೇ ಸಹಿ ಹಾಕಿದರು. ಡೊಂಬಿವಲಿಯ ದೊಡ್ಡತ್ತೆ ವಾಟ್ಸಾಪ್‌ನಲ್ಲಿ ಪತ್ರದ ಫೋಟೋ ನೋಡಿ "ಬಪ್ಪ ತಿಂಗ್ಳ್ ಊರಿಗ್ ಬತ್ತೆ, ಆಗ ಕಾಂಬ" ಅಂದರು. ಬೈಂದೂರಿನ ಸಣ್ಣತ್ತೆ ಮಾತ್ರ ನೇರ ಕೇಳಿದರು: "ಸೈನ್ ಹಾಕುದ್ ಹೌದ್. ಆರೆ ನಾಳೆ ಮನಿಯಂಗೆ ನನ್ ಪಾಲ್ ಇಲ್ಲೆ ಅಂದ್ರೆ?"

ಅಪ್ಪಯ್ಯನಿಗೆ ಸಿಟ್ಟು ಬಂತು. ಕರೆಂಟ್ ವಿಷಯಕ್ಕೆ ಪಾಲಿನ ಮಾತು ಎಂತಕ್ಕೆ ಅಂತ. ನನಗೆ ಅತ್ತೆಯ ಪ್ರಶ್ನೆ ಸರಿ ಅನಿಸಿತು. ಹೆಣ್ಣುಮಕ್ಕಳ ಹತ್ತಿರ ಎಂತದೋ ಪೇಪರ್ ತಂದು "ಬರೀ ಫಾರ್ಮಾಲಿಟಿ" ಅಂತ ಹೇಳಿ ಸಹಿ ಮಾಡಿಸಿಕೊಂಡ ಕತೆ ನಮ್ಮ ಊರಲ್ಲಿ ಒಂದೆರಡಲ್ಲ. ಅವರು ಹೆದರಿದ್ದು ಸೋಲಾರಿಗಲ್ಲ.

ಮೀಟರ್ ಯಾರ ಹೆಸರಲ್ಲಿದೆ ಅನ್ನುವುದರಿಂದ ಮನೆಯ ಹಕ್ಕು ಅವರಿಗೆ ಹೋಗುವುದಿಲ್ಲ. ಅದು ವಿದ್ಯುತ್ ಸಂಪರ್ಕದ ಗ್ರಾಹಕ ಯಾರು ಅನ್ನುವುದಷ್ಟೇ. ಬಾಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಪ್ರಯೋಜನ ಆಗಲಿಲ್ಲ. ಕೊನೆಗೆ ಊರಿನ ವಕೀಲರೊಬ್ಬರ ಹತ್ತಿರ ಹೋಗಿ ಒಪ್ಪಿಗೆ ಪತ್ರದಲ್ಲೇ ಎರಡು ಸಾಲು ಸೇರಿಸಿದೆವು: ಈ ಒಪ್ಪಿಗೆ ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆಗೆ ಮಾತ್ರ, ಸ್ಥಿರಾಸ್ತಿಯಲ್ಲಿ ಯಾರ ಹಕ್ಕಿಗೂ ಇದರಿಂದ ಬಾಧೆ ಇಲ್ಲ. ಅದರ ಒಂದು ಪ್ರತಿಗೆ ಅಪ್ಪಯ್ಯ ಸಹಿ ಹಾಕಿ ಅಕ್ಕಂದಿರಿಗೆ ಕೊಟ್ಟರು. ಸಣ್ಣತ್ತೆ ಕನ್ನಡಕ ಹಾಕಿ ಪೂರ್ತಿ ಓದಿ, ಇನ್ನೊಂದು ಸಲ ಓದಿ, ಸಹಿ ಹಾಕಿ, ನನಗೆ ಕೊಟ್ಟೆ ಕಡುಬು ಬಡಿಸಿದರು. ನಿಮ್ಮ ಮನೆಯಲ್ಲೂ ಹೀಗೆ ಆಗುವುದಿದ್ದರೆ ಆ ಎರಡು ಸಾಲು ಮೊದಲೇ ಬರೆಸಿ. ಆಸ್ತಿ ಪಾಲಾಗದೆ ಹಾಗೇ ಉಳಿದ ಮನೆ ಆದರಂತೂ ತಪ್ಪಿಸಬೇಡಿ.

ಮತ್ತೊಂದು ಸಣ್ಣ ಗಂಟು. ಅಪ್ಪಯ್ಯನ ಆಧಾರ್‌ನಲ್ಲಿ ಬರೀ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಮುಂದೆ ಕುಲನಾಮ. ಮೀಟರ್ ಹೆಸರು ಬದಲಿಸುವಾಗಲೇ ಮೂರೂ ಒಂದೇ ಥರ ಮಾಡಿಸಿಕೊಂಡದ್ದು ಆಮೇಲೆ ಉಪಕಾರಕ್ಕೆ ಬಂತು. ಬೈಂದೂರು, ಬ್ರಹ್ಮಾವರ ತಾಲೂಕು ಆಗಿ ಹೆಚ್ಚು ವರ್ಷ ಆಗಲಿಲ್ಲ. ಹಾಗಾಗಿ ಹಳೇ ಕಾಗದಗಳಲ್ಲಿ ಬೈಂದೂರಿನವರಿಗೆ ಕುಂದಾಪುರ ತಾಲೂಕು, ಬ್ರಹ್ಮಾವರದವರಿಗೆ ಉಡುಪಿ ತಾಲೂಕು ಅಂತ ಇರುತ್ತದೆ. ಅದು ತಪ್ಪಲ್ಲ, ಆದರೆ ವಿಳಾಸ ತುಂಬುವಾಗ ಎಲ್ಲ ಕಡೆ ಈಗಿನದ್ದನ್ನೇ ಹಾಕಿ.

ಮೂರು ಕಿಲೋವ್ಯಾಟ್ ಬೇಕಾ?

ಸಹಿಗೆ ಕಾದ ತಿಂಗಳುಗಳಲ್ಲಿ ನಾನು ಒಂದು ಒಳ್ಳೇ ಕೆಲಸ ಮಾಡಿದೆ. ಅಪ್ಪಯ್ಯ ಬಿಸ್ಕೆಟ್ ಡಬ್ಬಿಯಲ್ಲಿ ಮಡಚಿ ಇಟ್ಟ 12 ತಿಂಗಳ ಬಿಲ್ ತೆಗೆದು ಲೆಕ್ಕ ಹಾಕಿದೆ.

ಸಬ್ಸಿಡಿ ಹೇಗಿದೆ ಅಂದರೆ, 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ 78,000. ಅಂದರೆ ಮೂರನೆಯ ಕಿಲೋವ್ಯಾಟ್‌ಗೆ ಸರ್ಕಾರ ಕೊಡುವುದು 18,000 ಮಾತ್ರ. ಆದರೆ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು 78,000. ಮನೆಗೆ ಬಂದ ಮೂವರು ವೆಂಡರ್‌ಗಳೂ ಬಾಗಿಲಲ್ಲೇ "ಮೂರು ಕಿಲೋವ್ಯಾಟ್ ಹಾಕಿ ಮೇಡಂ, ಫುಲ್ ಸಬ್ಸಿಡಿ" ಅಂದರು. ಒಬ್ಬರೂ ಬಿಲ್ ಕೇಳಲಿಲ್ಲ.

ನಮ್ಮ ಮನೆಯ ವರ್ಷದ ಬಳಕೆ ಸುಮಾರು 2,500 ಯೂನಿಟ್. ಮಾರ್ಚ್‌ನಿಂದ ಜೂನ್ ತನಕ ಮತ್ತೆ ಅಕ್ಟೋಬರ್‌ನಲ್ಲಿ 200 ದಾಟುತ್ತದೆ, ಉಳಿದ ತಿಂಗಳು ನಮ್ಮ ಉಚಿತ ಪಾಲಿಗಿಂತ ಹತ್ತು ಇಪ್ಪತ್ತು ಯೂನಿಟ್ ಮೇಲೆ ಕೆಳಗೆ. ವರ್ಷಕ್ಕೆ ಕಿಸೆಯಿಂದ ಹೋಗುವ ದುಡ್ಡು ಹತ್ತು ಸಾವಿರದ ಹತ್ತಿರ. ಒಂದು ಕಿಲೋವ್ಯಾಟ್ ತಿಂಗಳಿಗೆ ಸರಾಸರಿ 100 ಯೂನಿಟ್ ಕೊಡುತ್ತದೆ ಅಂತ ಇಟ್ಟುಕೊಂಡರೆ 2 ಕಿಲೋವ್ಯಾಟ್ ನಮಗೆ ಸಾಕು. ನಮಗೆ ಬಂದ ಕೊಟೇಶನ್‌ಗಳಲ್ಲಿ 2 ಕಿಲೋವ್ಯಾಟ್‌ಗೆ 1.35 ಲಕ್ಷ, ಸಬ್ಸಿಡಿ ಕಳೆದು 75,000. 3ಕ್ಕೆ 2.05 ಲಕ್ಷ, ಸಬ್ಸಿಡಿ ಕಳೆದು 1.27 ಲಕ್ಷ. ಉಳಿಯುವುದು ಎರಡರಲ್ಲೂ ಹೆಚ್ಚುಕಡಿಮೆ ಅದೇ ಹತ್ತು ಸಾವಿರ. ಒಂದರಲ್ಲಿ ಏಳೆಂಟು ವರ್ಷಕ್ಕೆ ಅಸಲು ಕೈಗೆ, ಇನ್ನೊಂದರಲ್ಲಿ ಹನ್ನೆರಡು ವರ್ಷ.

"ಹೆಚ್ಚಾದದ್ದನ್ನು ಮೆಸ್ಕಾಂಗೆ ಮಾರಿ" ಅಂತ ಹೇಳುತ್ತಾರೆ. ಮಾರಬಹುದು. ಆದರೆ ನಾವು ಕೊಳ್ಳುವ ಯೂನಿಟ್‌ಗೆ ಆರು ರೂಪಾಯಿ ಹತ್ತಿರ ಆದರೆ, ನಾವು ಮಾರುವ ಯೂನಿಟ್‌ಗೆ ಸಿಗುವುದು ಅದಕ್ಕಿಂತ ತುಂಬಾ ಕಡಿಮೆ. ಸಬ್ಸಿಡಿ ತೆಗೆದುಕೊಂಡ ಮನೆಗೆ, ತೆಗೆದುಕೊಳ್ಳದ ಮನೆಗಿಂತಲೂ ಕಡಿಮೆ. ಕರೆಂಟ್ ಮಾರಿ ಆದಾಯ ಮಾಡುವ ಯೋಚನೆ ಬಿಟ್ಟುಬಿಡಿ.

ಇನ್ನು ಮನಸ್ಸಿಗೆ ಒಪ್ಪದಿದ್ದರೂ ಹೇಳಬೇಕಾದ ಮಾತು. ಅಪ್ಪ ಅಮ್ಮ ಇಬ್ಬರೇ ಇರುವ ಮನೆ, ತಿಂಗಳಿಗೆ 90-100 ಯೂನಿಟ್, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದೆ ಅಂತಾದರೆ ಈ ಸಬ್ಸಿಡಿಯ ಆಸೆಗೆ ಸಾಲ ಮಾಡಬೇಡಿ. ಸೊನ್ನೆ ಬಿಲ್‌ನಲ್ಲಿ ಉಳಿಸಲಿಕ್ಕೆ ಎಂತದೂ ಇಲ್ಲ. ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿದ ಮನೆಗೂ ಬೇಡ. ಏಸಿ, ಎಲೆಕ್ಟ್ರಿಕ್ ಸ್ಕೂಟರ್, ಬಾವಿಯ ಪಂಪು, ಇಂಡಕ್ಷನ್ ಒಲೆ ಎಲ್ಲ ಸೇರಿ 200 ದಾಟುತ್ತಲೇ ಇರುವ ಮನೆಗೆ ಇದು ಹೇಳಿ ಮಾಡಿಸಿದ್ದು. ಮಧ್ಯದಲ್ಲಿ ಇರುವವರು ಅರ್ಜಿ ಹಾಕುವ ಮೊದಲು ತಮ್ಮ ಮೆಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ, ನೆಟ್ ಮೀಟರ್ ಕೂತ ಮೇಲೆ ತಮ್ಮ ಗೃಹಜ್ಯೋತಿ ಲೆಕ್ಕ ಹೇಗೆ ಅಂತ ಕೇಳಿಕೊಂಡು ಬನ್ನಿ.

ಸೋಲಾರ್‌ಗಿಂತ ಮೊದಲು ಫ್ಯಾನ್ ನೋಡಿ. ನಮ್ಮ ಕರಾವಳಿ ಮನೆಯಲ್ಲಿ ಫ್ಯಾನ್ ನಿಲ್ಲುವುದೇ ಇಲ್ಲ. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ ಹತ್ತು ತಾಸು ಅಂದರೆ ಒಂದು ಫ್ಯಾನ್‌ನಲ್ಲಿ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯುತ್ತದೆ. ನಾವು ನಾಲ್ಕು ಬದಲಿಸಿದೆವು. ಅದಕ್ಕೆ ಯಾವ ಅರ್ಜಿಯೂ ಬೇಡ, ಅತ್ತೆಯ ಸಹಿಯೂ ಬೇಡ.

ತೆಂಗಿನ ಮರ

ಸೆಪ್ಟೆಂಬರ್‌ನಲ್ಲಿ ಹೆಸರು ಬದಲಾಯಿತು. ತಡವಾದದ್ದರಿಂದ ಒಂದು ಲಾಭವೂ ಆಯಿತು. ಅದೇ ತಿಂಗಳು 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಆಗ ತರಿಸಿದ ಕೊಟೇಶನ್‌ಗಳೇ ಮೇಲೆ ಹೇಳಿದವು. ಮೇ ತಿಂಗಳದ್ದು ಇನ್ನೂ ಐದಾರು ಸಾವಿರ ಜಾಸ್ತಿ ಇತ್ತು.

ಅರ್ಜಿ ನಿಜಕ್ಕೂ ಐದು ನಿಮಿಷವೇ. 10 ಕಿಲೋವ್ಯಾಟ್ ತನಕ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಇಲ್ಲದೆ ಒಪ್ಪಿಗೆ ಸಿಗುತ್ತದೆ. ಹಳೇ ಮನೆಗಳ ಮಂಜೂರಾದ ಲೋಡ್ ಒಂದೇ ಕಿಲೋವ್ಯಾಟ್ ಇದ್ದರೆ ಅದೂ ಹೆಚ್ಚಾಗಬೇಕು. ಹೆಚ್ಚಾದಷ್ಟೂ ತಿಂಗಳ ನಿಗದಿತ ಶುಲ್ಕ ಹೆಚ್ಚು. ಇದನ್ನು ಲೆಕ್ಕಕ್ಕೆ ಹಿಡಿಯಿರಿ, ವೆಂಡರ್ ಹೇಳುವುದಿಲ್ಲ.

ವೆಂಡರ್ ಆರಿಸುವುದು ಪೋರ್ಟಲ್‌ನಲ್ಲಿ ನೋಂದಾಯಿತರಾದವರ ಪಟ್ಟಿಯಿಂದಲೇ. ನಾವು ಆರಿಸಿದವರು ಟೆರೇಸ್ ಹತ್ತಿ ನೋಡಿ ದಕ್ಷಿಣಕ್ಕೆ ಕೈ ತೋರಿಸಿದರು. ಎರಡು ತೆಂಗಿನ ಮರ. ನೆರಳು ಬೀಳುತ್ತದೆ, ಕಡಿಯಬೇಕು ಅಂತ.

ಒಳಗಿಂದ ಅಮ್ಮ ಬಂದರು. "ಆ ಮರ ನಿನ್ನಜ್ಜಿ ನೆಟ್ಟದ್. ಕಡಿಯುಕೆ ನಾನ್ ಬಿಡುದಿಲ್ಲೆ. ಕರೆಂಟ್ ಬ್ಯಾಡ."

ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಮಡಲಿನ ನೆರಳು ಬಿದ್ದರೆ ಉಳಿದವುಗಳ ಉತ್ಪಾದನೆಗೂ ಪೆಟ್ಟು. ಅದು ನಿಜ. ಆದರೆ ಮರ ಕಡಿಯುವುದೊಂದೇ ದಾರಿ ಅಲ್ಲ. 2 ಕಿಲೋವ್ಯಾಟ್‌ಗೆ ಬೇಕಾಗುವುದು ಸುಮಾರು 200 ಚದರಡಿ. ನಮ್ಮ ಟೆರೇಸ್‌ನ ಪಶ್ಚಿಮ ಮೂಲೆಯಲ್ಲಿ ಬೆಳಗಿನ ಒಂಬತ್ತೂವರೆಯಿಂದ ಸಂಜೆ ತನಕ ನೆರಳಿಲ್ಲ. ಸ್ಟ್ರಕ್ಚರ್ ಸ್ವಲ್ಪ ಎತ್ತರಿಸಿ ಅಲ್ಲಿ ಕೂರಿಸಿದೆವು. ಒಂದು ದಿನ ಪೂರ್ತಿ ತಮ್ಮ ಎರಡೆರಡು ತಾಸಿಗೊಮ್ಮೆ ಟೆರೇಸ್‌ನ ಫೋಟೋ ತೆಗೆದದ್ದರಿಂದ ಈ ಮೂಲೆ ಗೊತ್ತಾಯಿತು. 3 ಕಿಲೋವ್ಯಾಟ್ ಹಟ ಹಿಡಿದಿದ್ದರೆ ಮರ ಹೋಗುತ್ತಿತ್ತು. ಪ್ಯಾನೆಲ್ ಕೆಳಗಿನ ಕೋಣೆ ಈಗ ಮಧ್ಯಾಹ್ನ ಮೊದಲಿನಷ್ಟು ಕಾಯುವುದಿಲ್ಲ ಅಂತ ತಮ್ಮ ಹೇಳುತ್ತಾನೆ, ಅವನದೇ ಕೋಣೆ ಅದು.

ಹಂಚಿನ ಮನೆಯವರಿಗೆ ಕಷ್ಟ ಜಾಸ್ತಿ. ಹಳೇ ಮಾಡಿನ ಪಕ್ಕಾಸು, ರೀಪು ಭಾರ ತಡೆಯುತ್ತದಾ ಅಂತ ಮೊದಲು ಬಡಗಿಗೆ ತೋರಿಸಿ, ಆಮೇಲೆ ಸೋಲಾರಿನವರಿಗೆ. ನೆಲದ ಮೇಲೆ, ತೋಟದಲ್ಲಿ ಹಾಕಿದರೆ ಆಗುವುದಿಲ್ಲ, ಇದು ಮನೆ ಮಾಡಿನ ಯೋಜನೆ.

ಮರವಂತೆ, ತ್ರಾಸಿ, ಗಂಗೊಳ್ಳಿ, ಉಪ್ಪುಂದದ ಕಡಲ ಹತ್ತಿರದವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ಗೇಟಿನ ಕಬ್ಬಿಣ ಎಷ್ಟು ವರ್ಷ ಬಾಳುತ್ತದೆ ಅಂತ ನಿಮಗೇ ಗೊತ್ತು. ಪ್ಯಾನೆಲ್ 25 ವರ್ಷ ಬಾಳಬಹುದು, ಅದನ್ನು ಹಿಡಿದ ಕಾಲು ಐದು ವರ್ಷಕ್ಕೆ ತುಕ್ಕು ಹಿಡಿದರೆ? ಬಿಸಿ ಸತುವಿನಲ್ಲಿ ಅದ್ದಿದ ಸ್ಟ್ರಕ್ಚರ್ ಅಥವಾ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಬೋಲ್ಟ್ ಅಂತ ಕೊಟೇಶನ್‌ನಲ್ಲೇ ಬರೆಸಿ. ಪ್ಯಾನೆಲ್‌ಗೆ ಉಪ್ಪುಗಾಳಿ ಪರೀಕ್ಷೆ ಆಗಿದೆಯಾ, ಐಇಸಿ 61701 ಇದೆಯಾ ಅಂತ ಕೇಳಿ. ಪ್ಯಾನೆಲ್ ಭಾರತದಲ್ಲೇ ತಯಾರಾದ ಡಿಸಿಆರ್ ಸೆಲ್‌ನದ್ದೇ ಆಗಿರಬೇಕು, ಅದಿಲ್ಲದಿದ್ದರೆ ಸಬ್ಸಿಡಿ ಇಲ್ಲ. ಐದು ವರ್ಷದ ನಿರ್ವಹಣೆ ವೆಂಡರ್ ಹೊಣೆ, ಒಪ್ಪಂದದ ಮಾದರಿ ಪೋರ್ಟಲ್‌ನಲ್ಲೇ ಇದೆ.

ಕರೆಂಟ್ ಹೋದರೆ ಸೋಲಾರೂ ಹೋಗುತ್ತದೆ

ಅಪ್ಪಯ್ಯ ಇದನ್ನು ಒಪ್ಪಲಿಕ್ಕೆ ಒಂದು ವಾರ ಬೇಕಾಯಿತು. "ಮಾಡಿನ್ ಮೇಲೆ ಬಿಸ್ಲ್ ಇತ್ತ್, ಪ್ಯಾನೆಲ್ ಇತ್ತ್, ಮತ್ತೆ ಲೈಟ್ ಎಂತಕ್ಕೆ ಇಲ್ಲೆ?" ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆ. ಲೈನ್‌ನಲ್ಲಿ ಕರೆಂಟ್ ಹೋದ ಕೂಡಲೇ ಇದರ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನ್ ಜೀವಕ್ಕೆ ನಮ್ಮ ಮನೆಯ ಕರೆಂಟೇ ಅಪಾಯ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಆಸರೆ ಬೇಕು ಅಂತಾದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಬೇಕು. ಬ್ಯಾಟರಿಗೆ ಸಬ್ಸಿಡಿ ಇಲ್ಲ. ನಾವು ಹಳೇ ಇನ್ವರ್ಟರ್ ಬ್ಯಾಟರಿಯನ್ನೇ ಉಳಿಸಿಕೊಂಡೆವು.

ಜೂನ್‌ನಿಂದ ಸೆಪ್ಟೆಂಬರ್ ತನಕ ಉತ್ಪಾದನೆ ಇಳಿಯುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು, ರಾಜಸ್ಥಾನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಮಳೆಯಿಂದಲೇ ನಮ್ಮ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರ 460 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ ರಾಜ್ಯಕ್ಕೆ ಕರೆಂಟ್ ಕೊಡುವುದು. ಇನ್ನೊಂದು ಮಾತು ನೆನಪಾಯಿತು. ಸಬ್ಸಿಡಿ ಜಾಹೀರಾತು ಬರುವುದಕ್ಕೆ ಬಹಳ ಮೊದಲೇ ಈ ಸೀಮೆಗೂ ಸೋಲಾರ್‌ಗೂ ನಂಟಿದೆ. ಕುಂದಾಪುರ ಕಡೆಯ ಮೂಲದ ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಶುರು ಮಾಡಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು ಸೋಲಾರ್ ದೀಪಕ್ಕೆ ಸಾಲ ಕೊಟ್ಟಿದ್ದವು. ಆಗ ಜನ ಎರಡು ಲೈಟಿಗಾಗಿ ಕಂತು ಕಟ್ಟಿದರು.

ದುಡ್ಡಿನ ವಿಷಯ. ಸಬ್ಸಿಡಿ ಮೊದಲೇ ಬರುವುದಿಲ್ಲ. ಪೂರ್ತಿ ನೀವು ಕೊಟ್ಟು, ಪ್ಯಾನೆಲ್ ಕೂತು, ನೆಟ್ ಮೀಟರ್ ಕೂತು, ಮೆಸ್ಕಾಂ ಪರಿಶೀಲನೆ ಆಗಿ, ಪೋರ್ಟಲ್‌ನಲ್ಲಿ ಕಮಿಷನಿಂಗ್ ವರದಿ ಬಂದ ಮೇಲೆ ಬ್ಯಾಂಕ್ ವಿವರ ಹಾಕಬೇಕು. ಆಮೇಲೆ ನೇರ ಖಾತೆಗೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ 3 ಕಿಲೋವ್ಯಾಟ್ ತನಕ ಅಡಮಾನ ಇಲ್ಲದ ಸಾಲ ಇದೆ, 2 ಲಕ್ಷದವರೆಗೆ, ಬಡ್ಡಿ 6 ಪರ್ಸೆಂಟ್ ಹತ್ತಿರ. ಪೋರ್ಟಲ್‌ನಲ್ಲಿ ನೋಂದಣಿಗೆ ಶುಲ್ಕ ಇಲ್ಲ. "ಸಬ್ಸಿಡಿ ಮಾಡಿಸಿಕೊಡುತ್ತೇವೆ, ಐದು ಸಾವಿರ ಕಳಿಸಿ" ಅಂತ ಬರುವ ಮೆಸೇಜ್ ಅಪ್ಪ ಅಮ್ಮನ ಫೋನಿಗೂ ಬರುತ್ತದೆ, ಅವರಿಗೆ ಒಂದು ಮಾತು ಹೇಳಿಡಿ. ಡೌಟ್ ಇದ್ದರೆ ಸಹಾಯವಾಣಿ 15555.

ನಮ್ಮದು ನವೆಂಬರ್‌ನಲ್ಲಿ ಚಾಲೂ ಆಯಿತು. ಡಿಸೆಂಬರ್‌ನಲ್ಲಿ ಅಪ್ಪಯ್ಯನ ಖಾತೆಗೆ 60,000 ಬಂತು. ಬ್ಯಾಂಕಿನ ಮೆಸೇಜ್‌ನ ಸ್ಕ್ರೀನ್‌ಶಾಟ್ ಅವರು ಮೊದಲು ಕಳಿಸಿದ್ದು ಬೈಂದೂರಿನ ಅಕ್ಕನಿಗೆ. ಅತ್ತೆ ಈಗ ತಮ್ಮ ಮನೆಗೂ ಹಾಕಿಸುವ ಯೋಚನೆಯಲ್ಲಿದ್ದಾರೆ. ಅಲ್ಲಿ ಮೀಟರ್ ಮಾವನವರ ಹೆಸರಲ್ಲಿದೆ, ಮೈದುನಂದಿರು ನಾಲ್ಕು ಜನ.

ಅಮ್ಮ ಮಾತ್ರ ಸ್ನಾನದ ನೀರಿಗೆ ಈಗಲೂ ಬಚ್ಚಲ ಹಂಡೆಗೇ ಬೆಂಕಿ ಹಾಕುವುದು. ಮಡಲು ಆ ಎರಡು ಮರದ್ದೇ.